ಗಂಗಾಮೂಲದ ರಮಾಬಾಯಿ ಮತ್ತು ಬರದ ಮಕ್ಕಳು

ಕುದುರೆಮುಖದ ಕಾಡಿನ ಕಡೆ ಹೋದವರಿಗೆ ಗಂಗಾಮೂಲದ ಹೆಸರು ಗೊತ್ತಿರುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಬೆಟ್ಟ ಅದು. ಅದೇ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಒಂದು ಹೆಣ್ಣುಮಗು ಹುಟ್ಟಿತು. ಮುಂದೆ ಇಡೀ ದೇಶ ಆಕೆಯನ್ನು ಪಂಡಿತಾ ರಮಾಬಾಯಿ ಎಂದು ಕರೆಯಿತು.

ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಇವರ ಹೆಸರನ್ನು ಒಂದು ಅಂಕದ ಪ್ರಶ್ನೆಗೆ ಓದಿದವರು. ಶಾರದಾ ಸದನ ಸ್ಥಾಪಿಸಿದವರು ಯಾರು? ಪಂಡಿತಾ ರಮಾಬಾಯಿ. ಅಲ್ಲಿಗೆ ಮುಗಿಯಿತು. ಅವರು ನಮ್ಮ ಮಲೆನಾಡಿನಲ್ಲಿ ಹುಟ್ಟಿದವರು ಅನ್ನುವುದನ್ನು ಯಾರೂ ಹೇಳಲಿಲ್ಲ. ಅವರು ಕ್ರೈಸ್ತರಾದದ್ದನ್ನು ಹೇಳಿದವರೂ ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋದರು. ಆ ಅರ್ಧ ಸಾಲಿನ ಬಗ್ಗೆಯೇ ಇವತ್ತು ಬರೆಯೋಣ ಅನ್ನಿಸಿದೆ. ಯಾಕೆಂದರೆ ನಮ್ಮ ಊರುಗಳಲ್ಲಿ ಈ ಮಾತು ಬಂದಾಗೆಲ್ಲ ಕೇಳುವುದು ಒಂದೇ: ಹಸಿದವರಿಗೆ ಅಕ್ಕಿ ಕೊಟ್ಟು ಸೇರಿಸಿಕೊಂಡರು. ರಮಾಬಾಯಿಯವರ ಬದುಕಿನಲ್ಲಿ ಹಸಿವೂ ಇದೆ, ಅಕ್ಕಿಯೂ ಇದೆ, ಧರ್ಮವೂ ಇದೆ. ಆದರೆ ಇವು ಒಂದಕ್ಕೊಂದು ಸೇರಿದ ರೀತಿ ಆ ಮಾತಿನಷ್ಟು ಸುಲಭವಾಗಿಲ್ಲ.

ಅಪ್ಪನಿಂದ ಶುರು ಮಾಡಬೇಕು. ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು, ಚಿತ್ಪಾವನ ಬ್ರಾಹ್ಮಣರು. ಪುಣೆಗೆ ಹೋಗಿ ವೇದಶಾಸ್ತ್ರ ಓದಿದರು. ಅಲ್ಲಿ ಅವರ ಗುರುಗಳು ಪೇಶ್ವೆಯ ಹೆಂಡತಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಂಗಸರೂ ಸಂಸ್ಕೃತ ಕಲಿಯಬಹುದು ಅನ್ನುವುದು ಇವರ ತಲೆಗೆ ಬಂದದ್ದು ಆಗ. ಮುಂದೆ ಮೈಸೂರು ಅರಮನೆಯಲ್ಲೂ ಕೆಲವು ಕಾಲ ವಿದ್ವಾಂಸರಾಗಿದ್ದರು. ಮೊದಲ ಹೆಂಡತಿ ತೀರಿಕೊಂಡ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಒಂಬತ್ತು ವರ್ಷದ ಹುಡುಗಿಯನ್ನು ಮದುವೆಯಾದರು. ಇವತ್ತು ಓದಿದರೆ ಮೈ ಜುಮ್ಮೆನ್ನುತ್ತದೆ, ಆ ಕಾಲದಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಊರಿಗೆ ವಿಚಿತ್ರ ಅನ್ನಿಸಿದ್ದು ಆ ಹುಡುಗಿ ಲಕ್ಷ್ಮೀಬಾಯಿಗೆ ಅವರು ಸಂಸ್ಕೃತ ಕಲಿಸಲು ಕೂತದ್ದು. ಉಡುಪಿಯಲ್ಲಿ ಪಂಡಿತರ ಸಭೆ ಕರೆದು ಉತ್ತರ ಕೇಳಿದರು. ಶಾಸ್ತ್ರಿಗಳು ಶಾಸ್ತ್ರಗಳಿಂದಲೇ ಉತ್ತರ ಕೊಟ್ಟು ಬಂದರು.

ಆಮೇಲೆ ಗಂಗಾಮೂಲದ ಕಾಡಿಗೆ ಹೋಗಿ ನೆಲೆಸಿದರು. ಮೊದಲ ರಾತ್ರಿ ಬಯಲಲ್ಲೇ ಮಲಗಬೇಕಾಯಿತು, ಹತ್ತಿರದಲ್ಲೇ ಹುಲಿ ಕೂಗುತ್ತಿತ್ತಂತೆ. ಅಲ್ಲಿ ಮನೆ ಕಟ್ಟಿ, ವಿದ್ಯಾರ್ಥಿಗಳಿಗೂ ಯಾತ್ರಿಕರಿಗೂ ಅನ್ನ ಹಾಕಿ, ಇದ್ದದ್ದೆಲ್ಲ ಕರಗಿತು. ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಸಂಸಾರ ಬೆಟ್ಟ ಇಳಿಯಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆ ಮೇಲೆ ಹೊರಿಸಿ ಕೂಸನ್ನು ಕೆಳಗೆ ತಂದರು. ಅಲ್ಲಿಂದ ಹದಿನೈದು ವರ್ಷಕ್ಕೂ ಮೇಲ್ಪಟ್ಟು ಅವರಿಗೆ ಮನೆ ಅನ್ನುವುದೇ ಇರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಸ್ಥಾನದ ಜಗಲಿಯಲ್ಲಿ ಕೂತು ಪುರಾಣ ಓದುವುದು, ಜನ ಕೊಟ್ಟ ಅಕ್ಕಿ ಕಾಸಿನಲ್ಲಿ ಬದುಕುವುದು. ಬೆಳಗಿನ ಜಾವ ಎಬ್ಬಿಸಿ ಪಾಠ ಹೇಳುತ್ತಿದ್ದವರು ಅಮ್ಮ. 18,000 ಶ್ಲೋಕದ ಭಾಗವತ ಮಗಳಿಗೆ ಬಾಯಿಪಾಠವಾಗಿತ್ತು.

ಆಮೇಲೆ ಬರ ಬಂತು.

ನಮ್ಮ ಕಡೆ ಹಿರಿಯರು ಧಾತು-ಈಶ್ವರ ಸಂವತ್ಸರದ ಬರ ಅನ್ನುತ್ತಾರಲ್ಲ, ಅದು 1876ರಿಂದ 78ರವರೆಗಿನದು. ಮದ್ರಾಸ್ ಪ್ರಾಂತ್ಯದಲ್ಲಿ ಅದಕ್ಕೆ ಮುಂಚೆಯೇ ಕಷ್ಟ ಶುರುವಾಗಿತ್ತು. ಪುರಾಣ ಕೇಳುವವರ ಮನೆಯಲ್ಲೇ ಕಾಳಿಲ್ಲ, ಹೇಳುವವರಿಗೆ ಯಾರು ಕೊಡುತ್ತಾರೆ? ಪಂಡಿತರ ಮನೆಯವರು ಕೂಲಿ ಮಾಡುವ ಹಾಗಿಲ್ಲ, ಬೇಡಲು ಬಾಯಿ ಬರುವುದಿಲ್ಲ. ಉಳಿದ ದುಡ್ಡನ್ನು ದೇವರಿಗೆ, ದಾನಕ್ಕೆ, ವ್ರತಕ್ಕೆ ಸುರಿದರು. ದೇವರು ಒಲಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ನಂಬಿಕೆ. ಒಡವೆ ಹೋಯಿತು, ಪಾತ್ರೆ ಹೋಯಿತು, ಮೈಮೇಲಿನ ಒಳ್ಳೆ ಬಟ್ಟೆ ಹೋಯಿತು. ಕೊನೆಗೆ ತಿರುಪತಿಯ ಹತ್ತಿರದ ಕಾಡು ಸೇರಿದರು. ಹನ್ನೊಂದು ದಿನ ಹನ್ನೊಂದು ರಾತ್ರಿ ನೀರು, ಎಲೆ, ಒಂದಿಷ್ಟು ಕಾಡು ಖರ್ಜೂರ ಇಷ್ಟರಲ್ಲೇ ಕಳೆದೆವು ಎಂದು ರಮಾಬಾಯಿ ಮುಂದೆ ಬರೆದಿದ್ದಾರೆ. ಕಣ್ಣು ಕಾಣದ ಮುದಿ ತಂದೆ ನೀರಿಗೆ ಬಿದ್ದು ಪ್ರಾಣ ಬಿಡಲು ಸಿದ್ಧರಾಗಿದ್ದರು. ಮಗ ಶ್ರೀನಿವಾಸ ತಡೆದ. ಜಾತಿಯ ಅಭಿಮಾನ ಬಿಟ್ಟು ಕೂಲಿಯಾದರೂ ಮಾಡಿ ಸಾಕುತ್ತೇನೆ ಅಂದ. ಆದರೆ ಹೊತ್ತು ಮೀರಿತ್ತು. 1874ರ ಸುಮಾರಿಗೆ ತಂದೆ ತೀರಿಕೊಂಡರು, ಸ್ವಲ್ಪ ದಿನಕ್ಕೇ ತಾಯಿ.

ತಾಯಿಯ ಸಾವಿನ ಬಗ್ಗೆ ಅವರು ಬರೆದದ್ದನ್ನು ಓದಿ ನಮ್ಮಲ್ಲಿ ಒಬ್ಬರೂ ತಕ್ಷಣ ಮಾತಾಡಲಿಲ್ಲ. ಜ್ವರದಲ್ಲಿ ಮಲಗಿದ್ದ ಅಮ್ಮ ಒಂದು ತುಂಡು ಸಜ್ಜೆ ರೊಟ್ಟಿ ಕೇಳಿದರು. ಹದಿನಾರರ ಮಗಳು ಪಕ್ಕದ ಮನೆಗೆ ಹೋಗಿ ಬಾಗಿಲಲ್ಲಿ ನಿಂತಳು. ಬಾಯಿ ಬಿಟ್ಟು ಕೇಳಲು ಆಗಲಿಲ್ಲ, ಅಳು ಒತ್ತಿ ಬಂತು. ಆ ಮನೆಯ ಹೆಂಗಸು ಮುಖ ನೋಡಿಯೇ ತಿಳಿದುಕೊಂಡು ಒಂದಿಷ್ಟು ರೊಟ್ಟಿ ಕೊಟ್ಟಳು. ತಂದಾಗ ಅಮ್ಮನಿಗೆ ತಿನ್ನುವ ಶಕ್ತಿ ಇರಲಿಲ್ಲ. ಸತ್ತ ಮೇಲೆ ಹೆಣ ಹೊರಲು ಜನ ಇಲ್ಲ. ಕರೆದು ಕರೆದು ಇಬ್ಬರು ಬ್ರಾಹ್ಮಣರು ಬಂದರು. ಮೂರನೆಯವನು ಮಗ, ನಾಲ್ಕನೆಯವಳು ಮಗಳು. ಮಗಳು ಕುಳ್ಳಗಿದ್ದಳು, ಹೆಗಲು ಎಟುಕಲಿಲ್ಲ. ಚಟ್ಟದ ತನ್ನ ಭಾಗವನ್ನು ತಲೆ ಮೇಲೆ ಹೊತ್ತುಕೊಂಡು ಸುಡುಗಾಡಿನವರೆಗೆ ನಡೆದಳು.

ಅಕ್ಕನನ್ನು ಕಾಲರಾ ಒಯ್ದಿತು. ಅಣ್ಣ ತಂಗಿ ಇಬ್ಬರೇ ದೇಶದ ಉದ್ದಕ್ಕೂ ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಸಂಸ್ಕೃತದಲ್ಲಿ ಮಾತಾಡುವ ಹುಡುಗಿಯನ್ನು ನೋಡಿ ಅಲ್ಲಿನ ವಿದ್ವಾಂಸರು ಬೆರಗಾದರು. ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಅವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿ ಮೀರಿ ಮದುವೆಯಾದರು. ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನೂ ಕಾಲರಾಕ್ಕೆ ಬಲಿಯಾದರು. ಲೆಕ್ಕ ಹಾಕಿ ನೋಡಿ, ಇಪ್ಪತ್ತನಾಲ್ಕು ತುಂಬುವ ಮೊದಲೇ ಐದು ಸಾವು. ಕಂಕುಳಲ್ಲಿ ಒಂದು ವರ್ಷವೂ ತುಂಬದ ಕೂಸು.

ಈ ಹೊತ್ತಿಗೆ ಅವರು ಯೇಸುವಿನ ಹೆಸರು ಕೇಳಿರಲಿಲ್ಲ ಅಂತಲ್ಲ. ಗಂಡನ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಸಿಕ್ಕಿತ್ತು, ಓದಿದ್ದರು. ಆದರೆ ಯಾವ ಮಿಷನರಿಯೂ ಹಸಿದ ರಮಾಬಾಯಿಗೆ ಅನ್ನ ಕೊಟ್ಟು ಸೇರಿಸಿಕೊಂಡದ್ದಲ್ಲ. ಅವರು ನಿಜವಾಗಿ ಹಸಿದಿದ್ದಾಗ ಯಾವ ಧರ್ಮದವರೂ ಬಂದಿರಲಿಲ್ಲ.

ಗಂಡ ಹೋದ ಮೇಲೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಹೆಂಗಸರಿಗೆ ಹೆಣ್ಣು ಡಾಕ್ಟರುಗಳು ಬೇಕು ಎಂದು ಸರ್ಕಾರದ ಶಿಕ್ಷಣ ಆಯೋಗದ ಮುಂದೆ ಹೇಳಿದರು. ತಾವೇ ವೈದ್ಯಕೀಯ ಓದಬೇಕು ಎಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದರಿಂದ ಅದು ಆಗಲಿಲ್ಲ. ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಉಳಿದರು. ಆ ಮಠದವರು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ನಡೆಸುತ್ತಿದ್ದ ಒಂದು ಆಶ್ರಯವನ್ನು ಇವರಿಗೆ ತೋರಿಸಿದರು.

ಅಲ್ಲಿದ್ದವರು ಊರು ದಾರಿ ತಪ್ಪಿದವರು ಎಂದು ಬಿಟ್ಟ ಹೆಂಗಸರು. ಅವರನ್ನು ಒಬ್ಬರೂ ಬೈಯುತ್ತಿರಲಿಲ್ಲ. ಮಠದ ಹೆಂಗಸರು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ರಮಾಬಾಯಿಗೆ ಇದು ಅರ್ಥವಾಗಲಿಲ್ಲ. ಬರದಲ್ಲಿ ತಿರುಗುವಾಗ, ಕ್ಷೇತ್ರಗಳಲ್ಲಿ ಇರುವಾಗ ಇಂಥ ಹೆಂಗಸರಿಗೆ ಏನು ಗತಿ ಎಂದು ಅವರು ಕಣ್ಣಾರೆ ಕಂಡಿದ್ದರು. ನೀವು ಯಾಕೆ ಹೀಗೆ ಮಾಡುತ್ತೀರಿ ಎಂದು ಕೇಳಿದರು. ಉತ್ತರವಾಗಿ ಒಬ್ಬ ಸಿಸ್ಟರ್ ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ಓದಿ ಹೇಳಿದರು. ಯೇಸು ಬಾವಿಯ ಹತ್ತಿರ ಕೂತು, ಐದು ಗಂಡಂದಿರನ್ನು ಕಂಡಿದ್ದ, ಬೇರೆ ಜಾತಿಯ ಸಮಾರ್ಯದ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳುವ ಕಥೆ.

ನಮ್ಮ ಊರಿನ ಬಾವಿಯ ಕಟ್ಟೆ ಗೊತ್ತಿದ್ದವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಯಾರು ಯಾರ ಕೈಯ ನೀರು ಕುಡಿಯುತ್ತಾರೆ ಅನ್ನುವುದು ಎಷ್ಟು ದೊಡ್ಡ ಮಾತು ಎಂದು ಗಂಗಾಮೂಲದ ಶಾಸ್ತ್ರಿಗಳ ಮಗಳಿಗೂ ಚೆನ್ನಾಗಿ ಗೊತ್ತಿತ್ತು. ಅವತ್ತು ತನ್ನ ಮನಸ್ಸು ತಿರುಗಿತು ಎಂದು ಅವರು ಬರೆಯುತ್ತಾರೆ. ಅದೇ ಸೆಪ್ಟೆಂಬರ್ 29ರಂದು ಮಗಳ ಜೊತೆ ದೀಕ್ಷಾಸ್ನಾನ ತೆಗೆದುಕೊಂಡರು.

ಇಲ್ಲಿ ಒಂದು ಕಹಿ ವಿಷಯವನ್ನೂ ಬಿಡುವ ಹಾಗಿಲ್ಲ. ಜೊತೆಗೆ ಹೋಗಿದ್ದ ಗೆಳತಿ ಆನಂದಿಬಾಯಿ ಭಗತ್ ಆ ಪರಊರಿನಲ್ಲಿ ತಮ್ಮನ್ನು ಬಲವಂತವಾಗಿ ಮತಾಂತರ ಮಾಡುತ್ತಾರೆ ಎಂಬ ಭಯಕ್ಕೆ ಸಿಕ್ಕಿ, ಮನಸ್ಸು ಕದಡಿ, ಪ್ರಾಣ ಕಳೆದುಕೊಂಡರು. ಆರನೇ ಸಾವು ಅನ್ನಿ. ಈ ದುಃಖದ ಬೆನ್ನಿಗೇ ದೀಕ್ಷಾಸ್ನಾನ ನಡೆಯಿತು. ಇದು ಪುಣೆಯಲ್ಲಿ ದೊಡ್ಡ ಗದ್ದಲಕ್ಕೆ ಕಾರಣವಾದದ್ದರಲ್ಲಿ ಆಶ್ಚರ್ಯವಿಲ್ಲ.

ಕ್ರೈಸ್ತರಾದ ತಕ್ಷಣ ಅವರಿಗೆ ಎಲ್ಲ ಸಮಾಧಾನ ಸಿಕ್ಕಿಬಿಟ್ಟಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರೇ ಹಾಗೆ ಹೇಳಿಲ್ಲ. ವಾಂಟೇಜಿನ ಗುರುಗಳ ಜೊತೆ ಕಾಗದದ ಮೇಲೆ ವರ್ಷಗಟ್ಟಲೆ ಜಗಳವಾಡಿದರು. ಕಷ್ಟಪಟ್ಟು ಒಂದು ಪುರೋಹಿತಶಾಹಿಯ ನೊಗ ಕಳಚಿದ್ದೇನೆ, ಇನ್ನೊಂದಕ್ಕೆ ಕುತ್ತಿಗೆ ಕೊಡುವುದಿಲ್ಲ ಅನ್ನುವುದು ಅವರ ನಿಲುವು. ಮಾಂಸ ಮುಟ್ಟಲಿಲ್ಲ. ಕೊರಳಿಗೆ ಹಾಕಿಕೊಳ್ಳುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ನಮ್ಮ ದೇಶದವರಿಗೆ ಗೊತ್ತಾಗುವ ಸಂಸ್ಕೃತ ಇರಲಿ ಎಂದು ವಾದಿಸಿದರು. ನಮಗೆ ಈ ಜಗಳಗಳು ಬಹಳ ಇಷ್ಟವಾದವು. ಧರ್ಮ ತನ್ನದಾಗಬೇಕು, ಸಾಲ ತಂದದ್ದಾಗಬಾರದು ಅನ್ನುವ ಹಟ ಅದು. ಕೊನೆಗೆ ಅವರು ಬರೆದುಕೊಂಡಿರುವುದು ಹೀಗೆ: ಕ್ರೈಸ್ತ ಧರ್ಮ ಸಿಕ್ಕಿತ್ತು, ಆದರೆ ಕ್ರಿಸ್ತ ಸಿಕ್ಕಿರಲಿಲ್ಲ. ಸುಮಾರು ಎಂಟು ವರ್ಷ ಆದ ಮೇಲೆ, ಯಾವ ಪುಣ್ಯವನ್ನೂ ಸಂಪಾದಿಸದೆ, ಇದ್ದ ಹಾಗೆಯೇ ದೇವರು ತನ್ನನ್ನು ಒಪ್ಪಿಕೊಂಡಿದ್ದಾನೆ ಎಂಬ ಭರವಸೆ ಮೂಡಿತು. ತಂದೆ ತಾಯಿ ಕೊನೆಯ ಕಾಸಿನವರೆಗೆ ದೇವರಿಗೆ ಸುರಿದು ಹಸಿದು ಸತ್ತದ್ದನ್ನು ಕಂಡವರಿಗೆ, ಏನೂ ಕೊಡಬೇಕಿಲ್ಲ ಅನ್ನುವ ಮಾತು ಎಷ್ಟು ದೊಡ್ಡದಾಗಿ ಕೇಳಿಸಿರಬೇಕು!

ಅಮೆರಿಕದಲ್ಲಿ ತಿರುಗಿ, ಇಂಗ್ಲಿಷಿನಲ್ಲಿ ಪುಸ್ತಕ ಬರೆದು, ಹಣ ಕೂಡಿಸಿ, 1889ರ ಮಾರ್ಚ್ 11ರಂದು ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ ಧರ್ಮ ಬೋಧನೆ ಇಲ್ಲ ಎಂದು ಮೊದಲೇ ಮಾತು ಕೊಟ್ಟಿದ್ದರು. ಆದರೆ ಅವರು ತಮ್ಮ ಕೋಣೆಯಲ್ಲಿ ಮಗಳ ಜೊತೆ ಬೈಬಲ್ ಓದುವಾಗ ಬಾಗಿಲು ತೆರೆದೇ ಇರುತ್ತಿತ್ತು. ಹುಡುಗಿಯರು ತಾವಾಗಿ ಬಂದು ಕೂರುತ್ತಿದ್ದರು. ಬಾಗಿಲು ಹಾಕಿಕೊಳ್ಳಿ ಎಂದರು ಹಿತೈಷಿಗಳು, ಇವರು ಒಪ್ಪಲಿಲ್ಲ. 1893ರಲ್ಲಿ ವಿಷಯ ಸ್ಫೋಟವಾಯಿತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು, ರಾನಡೆ, ಭಂಡಾರ್ಕರ್ ಅವರಂಥ ಬೆಂಬಲಿಗರು ಸಲಹಾ ಮಂಡಳಿ ಬಿಟ್ಟರು, ಹಲವು ಮನೆಯವರು ಹೆಣ್ಣುಮಕ್ಕಳನ್ನು ವಾಪಸ್ ಕರೆದುಕೊಂಡು ಹೋದರು. ಆ ಬಾಗಿಲಿನ ವಿಷಯದಲ್ಲಿ ಯಾರು ಸರಿ? ನಮ್ಮೊಳಗೇ ಎರಡು ಮಾತಿದೆ. ತನ್ನ ಕೋಣೆಯಲ್ಲಿ ತಾನು ಪ್ರಾರ್ಥಿಸುವುದು ಬೋಧನೆಯಲ್ಲ ಎಂದು ಕೆಲವರು. ಸಾಕುವ ಅಮ್ಮ ಪ್ರಾರ್ಥಿಸಿದರೆ ಮಕ್ಕಳು ಹೋಗಿ ಪಕ್ಕ ಕೂರದೆ ಇರುತ್ತಾರೆಯೇ ಎಂದು ಇನ್ನು ಕೆಲವರು.

ನಿಜವಾದ ಪರೀಕ್ಷೆ ಬಂದದ್ದು 1896-97ರ ಬರದಲ್ಲಿ. ಮಧ್ಯ ಪ್ರಾಂತ್ಯದಲ್ಲಿ, ಅಂದರೆ ಈಗಿನ ಮಧ್ಯಪ್ರದೇಶದ ಕಡೆ, ಜನ ಸಾಯುತ್ತಿದ್ದಾರೆ ಎಂಬ ಸುದ್ದಿ ಪುಣೆಗೆ ಮುಟ್ಟಿತು. ರಮಾಬಾಯಿ ಮೊದಲು ಹಿಂದೆ ಮುಂದೆ ನೋಡಿದರು. ಕೈಯಲ್ಲಿ ದುಡ್ಡಿಲ್ಲ, ಇರುವ ಸದನವೇ ಭಾರ. ಆದರೆ ಇಪ್ಪತ್ತು ವರ್ಷದ ಹಿಂದಿನ ತಮ್ಮ ಬರ ನೆನಪಿಗೆ ಬಂದು ಕೂರಲು ಬಿಡಲಿಲ್ಲ. ಆ ಕಾಡು, ಆ ಎಲೆ, ಬಾಗಿಲಲ್ಲಿ ಬಾಯಿ ಬಾರದೆ ನಿಂತದ್ದು. ಅಂದು ತನ್ನನ್ನು ಉಳಿಸಿದ ದೇವರು ಇಂದು ಹೋಗು ಅನ್ನುತ್ತಿದ್ದಾನೆ ಎಂದು ಅವರಿಗೆ ಅನ್ನಿಸಿತು. ಹೊರಟೇ ಬಿಟ್ಟರು.

ಅಲ್ಲಿ ಕಂಡದ್ದನ್ನು ಅವರು ಬರೆದಿಟ್ಟಿದ್ದಾರೆ. ಮೂಳೆಯ ಮೇಲೆ ಚರ್ಮ ಮಾತ್ರ ಉಳಿದ ಮಕ್ಕಳು. ಗಂಜಿ ಕೇಂದ್ರಗಳಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಇಲ್ಲ. ಒಂದು ಹೊತ್ತಿನ ಊಟ ತೋರಿಸಿ ಹುಡುಗಿಯರನ್ನು ಕರೆದೊಯ್ದು ಮಾರುವ ದಲ್ಲಾಳಿಗಳು ಓಡಾಡುತ್ತಿದ್ದರು. ಇವನ್ನೆಲ್ಲ ದೂರದಿಂದ ಬಂದ ದೊರೆಸಾನಿಯ ಕಣ್ಣಿನಿಂದ ಬರೆದಿಲ್ಲ ಅವರು. ಅವರ ಹದಿನಾರನೇ ವಯಸ್ಸೂ ಹೀಗೇ ಇತ್ತಲ್ಲ. ಮುನ್ನೂರು ಹೆಣ್ಣುಮಕ್ಕಳನ್ನು ಸಾಕುತ್ತೇನೆ ಎಂದು ಸಂಕಲ್ಪ ಮಾಡಿಕೊಂಡು, ಗುಂಪು ಗುಂಪಾಗಿ ರೈಲಿನಲ್ಲಿ ಕರೆತಂದರು.

ತಂದರೆ ಪುಣೆಯಲ್ಲಿ ಪ್ಲೇಗು! ಬರದ ಮಕ್ಕಳನ್ನು ಪಟ್ಟಣದೊಳಗೆ ಇಟ್ಟುಕೊಳ್ಳಲು ಅಧಿಕಾರಿಗಳು ಬಿಡಲಿಲ್ಲ. ಪುಣೆಯಿಂದ ರೈಲು ದಾರಿಯಲ್ಲಿ ಸುಮಾರು ಅರುವತ್ತು ಕಿಲೋಮೀಟರು ದೂರದ ಕೇಡಗಾಂವದಲ್ಲಿ ನೂರು ಎಕರೆಯಷ್ಟು ಜಮೀನು ತೆಗೆದುಕೊಂಡಿದ್ದರು, ತೋಟ ಮಾಡಿ ಸದನದ ಖರ್ಚಿಗೆ ಆದಾಯ ಮಾಡಿಕೊಳ್ಳೋಣ ಎಂದು. ಅಲ್ಲೇ ಡೇರೆ ಹಾಕಿ, ಹುಲ್ಲಿನ ಗುಡಿಸಲು ಹಾಕಿ ಮಕ್ಕಳನ್ನು ಇಳಿಸಿದರು. ಹೀಗೆ ಹುಟ್ಟಿದ್ದು ಮುಕ್ತಿ. ತಡವಾಗಿ ಬಂದ ಎಷ್ಟೋ ಮಕ್ಕಳು ಉಳಿಯಲಿಲ್ಲ. ಉಳಿದವರು ಅಡುಗೆ, ನೇಯ್ಗೆ, ಹೈನು, ಗಾಣ, ಹೊಲದ ಕೆಲಸ, ಓದು ಬರಹ ಎಲ್ಲ ಕಲಿತರು. ಕುರುಡರಿಗೆ ಬೇರೆ ಮನೆ, ಅಲ್ಲಿ ಬೆರಳಲ್ಲಿ ಓದುವ ಬ್ರೈಲ್ ಪಾಠ. ಊರು ಬಿಟ್ಟ ಹೆಂಗಸರಿಗೆ ಕೃಪಾ ಸದನ ಎಂಬ ಮನೆ. ಫುಲ್‌ಹ್ಯಾಮ್‌ನಲ್ಲಿ ಕಂಡದ್ದು ಹೀಗೆ ಕೇಡಗಾಂವಕ್ಕೆ ಬಂತು. 1900ರ ಸುಮಾರಿಗೆ ಗುಜರಾತಿನಲ್ಲಿ ಬರ ಬಿದ್ದಾಗ ಮಕ್ಕಳನ್ನು ಹುಡುಕಿ ತರಲು ಮುಕ್ತಿಯ ಹೆಂಗಸರೇ ಹೋದರು. ಅಷ್ಟರಲ್ಲಿ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಮುಟ್ಟಿತ್ತು.

ಈಗ ಆ ಅಕ್ಕಿಯ ಪ್ರಶ್ನೆಗೆ ಬರೋಣ. ಶಾರದಾ ಸದನದಲ್ಲಿದ್ದ ಧರ್ಮ ಬೋಧನೆ ಇಲ್ಲ ಎಂಬ ಕಟ್ಟಳೆ ಮುಕ್ತಿಗೆ ಇರಲಿಲ್ಲ. ಮುಕ್ತಿ ತೆರೆದ ಕ್ರೈಸ್ತ ಸಂಸ್ಥೆ. 1897ರ ಕೊನೆಯಲ್ಲಿ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ಭೀಮಾ ನದಿಯಲ್ಲಿ ದೀಕ್ಷಾಸ್ನಾನ ಪಡೆದರು. ನಮ್ಮ ಅಫಜಲಪುರ ದಾಟಿ ಬರುವ ಅದೇ ಭೀಮಾ. ಹಸಿದು ಬಂದ ಹುಡುಗಿ, ಅನ್ನ ಹಾಕಿದವರು ನಂಬುವ ದೇವರನ್ನು ಬೇಡ ಅನ್ನಲು ಎಷ್ಟು ಸ್ವತಂತ್ರಳು? ಈ ಪ್ರಶ್ನೆಯನ್ನು ಅಂದಿನವರೂ ಕೇಳಿದರು, ಅದು ನ್ಯಾಯವಾದ ಪ್ರಶ್ನೆ. ರಮಾಬಾಯಿಯವರ ಮೇಲಿನ ಗೌರವಕ್ಕಾಗಿ ಅದನ್ನು ಮುಚ್ಚಿಡಲು ನಾವು ತಯಾರಿಲ್ಲ.

ಆದರೆ ಪ್ರಶ್ನೆ ಕೇಳಿದವರಿಗೂ ಒಂದು ಪ್ರಶ್ನೆ ಇದೆ. ಆ ಮಕ್ಕಳು ಗಂಜಿ ಕೇಂದ್ರದ ಹೊರಗೆ ಬಿದ್ದಿದ್ದಾಗ ದಲ್ಲಾಳಿಯನ್ನು ಬಿಟ್ಟರೆ ಅವರನ್ನು ಕೇಳಿಕೊಂಡು ಹೋದವರು ಎಷ್ಟು ಜನ? ವಿಧವೆಯರ ತಲೆ ಬೋಳಿಸಿ ಮೂಲೆಗೆ ಕೂರಿಸಿದ್ದ ಕಾಲದಲ್ಲಿ ಅವರನ್ನು ಕೂರಿಸಿ ಓದಿಸಿದವರು ಎಷ್ಟು ಜನ? ಶಾರದಾ ಸದನಕ್ಕೆ ಬಂದ ಮೊದಲ ವಿಧವೆಯರಲ್ಲಿ ಗೋದೂಬಾಯಿ ಎಂಬವರಿದ್ದರು. ಅವರು ಕ್ರೈಸ್ತರಾಗಲಿಲ್ಲ. 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಮುಂದೆ ಕರ್ವೆಯವರು ಹಿಂದೂ ವಿಧವೆಯರಿಗೆ ಆಶ್ರಮ ಕಟ್ಟಿ, ಹೆಂಗಸರ ವಿಶ್ವವಿದ್ಯಾಲಯದವರೆಗೆ ಹೋದರು. ರಮಾಬಾಯಿ ಹಚ್ಚಿದ ದೀಪದಿಂದ ಬೇರೆ ಮನೆಯಲ್ಲೂ ಬೆಳಕಾಯಿತು.

ಇನ್ನೊಂದು ನಂಟು ನಮ್ಮ ಕಲಬುರಗಿಯದು. ಆಗ ಅದು ನಿಜಾಮರ ಸೀಮೆ. 1912ರಲ್ಲಿ ಅಮ್ಮ ಮಗಳು ಸೇರಿ ಅಲ್ಲಿ ಕ್ರೈಸ್ತ ಹೈಸ್ಕೂಲು ಶುರು ಮಾಡಿದರು, ಮನೋರಮಾ ಅದರ ಮುಖ್ಯೋಪಾಧ್ಯಾಯಿನಿ. ಬೆತ್ತದ ಪೆಟ್ಟಿಗೆಯಲ್ಲಿ ಕನ್ನಡ ನಾಡಿನ ಬೆಟ್ಟ ಇಳಿದ ಕೂಸು ಐವತ್ತು ವರ್ಷ ದಾಟಿದ ಮೇಲೆ ಕನ್ನಡ ನಾಡಿಗೆ ಶಾಲೆಯಾಗಿ ವಾಪಸ್ ಬಂದಂತಾಯಿತು. ಕಲಬುರಗಿ ಕಡೆಯ ಓದುಗರು ಇದರ ಬಗ್ಗೆ ಮನೆಯ ಹಿರಿಯರನ್ನು ಕೇಳಿ ನೋಡಿ.

ಕೊನೆಯ ವರ್ಷಗಳಲ್ಲಿ ರಮಾಬಾಯಿ ಬೈಬಲನ್ನು ಮೂಲದ ಹೀಬ್ರೂ, ಗ್ರೀಕಿನಿಂದ ಮರಾಠಿಗೆ ತರುವುದರಲ್ಲಿ ಮುಳುಗಿದ್ದರು. ಆಗಿದ್ದ ಮರಾಠಿ ಬೈಬಲು ಪಂಡಿತರ ಮಾತಿನಲ್ಲಿದೆ, ಮುಕ್ತಿಯ ಹಳ್ಳಿ ಹೆಂಗಸರಿಗೆ ಅರ್ಥವಾಗುವುದಿಲ್ಲ ಅನ್ನುವುದು ಅವರ ಕೊರಗು. ಭಾಗವತ ಬಾಯಿಪಾಠ ಮಾಡಿದ್ದ ಪಂಡಿತೆ ಬೇಕಂತಲೇ ಸಂಸ್ಕೃತ ಪದಗಳನ್ನು ಬಿಟ್ಟು ಅಡುಗೆಮನೆಯ ಮಾತು ಹುಡುಕುತ್ತಾ ಕೂತರು. 1921ರ ಜುಲೈಯಲ್ಲಿ ಮನೋರಮಾ ತೀರಿಕೊಂಡರು, ನಲವತ್ತರ ವಯಸ್ಸು. ಇದ್ದ ಒಂದೇ ಕರುಳು. ಅಮ್ಮ ಅಚ್ಚಿನ ಕರಡು ತಿದ್ದುವುದನ್ನು ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಹೋದರು. ಪುಸ್ತಕ ಹೊರಬಂದದ್ದು 1924ರಲ್ಲಿ, ಮುಕ್ತಿಯದೇ ಛಾಪಖಾನೆಯಿಂದ. ಅಚ್ಚಿನ ಮೊಳೆ ಜೋಡಿಸಿದವರು ಅಲ್ಲಿಯ ಹೆಂಗಸರು.